ಕ್ಲಿನಿಕಲ್ ಎಪಿಡೆಮಿಯಾಲಜಿ: ರೋಗಿಯ ಹಾಸಿಗೆಯ ಬಳಿ ಲೆಕ್ಕದ ವಿದ್ಯೆ

ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಸಾವಿರ ಉದ್ಯೋಗಿಗಳಿಗೆ ವಾರ್ಷಿಕ ಆರೋಗ್ಯ ತಪಾಸಣೆ ನಡೆಯುತ್ತಿದೆ ಎಂದಿಟ್ಟುಕೊಳ್ಳೋಣ. ನಿರ್ದಿಷ್ಟ ಕಾಯಿಲೆಯೊಂದು ನಿಜವಾಗಿ ಇರುವುದು ಅವರಲ್ಲಿ ಹತ್ತು ಮಂದಿಗೆ ಮಾತ್ರ. ಬಳಸುವ ಪರೀಕ್ಷೆಯು ಕಾಯಿಲೆ ಇರುವ ನೂರು ಜನರಲ್ಲಿ 90 ಮಂದಿಯನ್ನು ಪತ್ತೆಹಚ್ಚುತ್ತದೆ. ಇಲ್ಲದ ನೂರು ಜನರಲ್ಲಿ 90 ಮಂದಿಗೆ ಇಲ್ಲವೆಂದೇ ಹೇಳುತ್ತದೆ. ಆಗ ಕಾಯಿಲೆ ಇರುವವರಲ್ಲಿ 9 ಮಂದಿಗೆ ಪಾಸಿಟಿವ್ ವರದಿ ಬರುತ್ತದೆ. ಆದರೆ ಆರೋಗ್ಯವಂತರಾದ 990 ಮಂದಿಯಲ್ಲೂ 99 ಮಂದಿಗೆ ಅದೇ ವರದಿ ಬರುತ್ತದೆ. ಒಟ್ಟು 108 ಪಾಸಿಟಿವ್ ವರದಿಗಳಲ್ಲಿ ನಿಜವಾದವು ಒಂಬತ್ತು, ಅಂದರೆ ಸುಮಾರು ಶೇ. 8.

ಇದೇ ಪರೀಕ್ಷೆಯನ್ನು ಬೇರೆ ವೈದ್ಯರು ಅನುಮಾನಪಟ್ಟು ಕಳುಹಿಸಿದ ರೋಗಿಗಳೇ ಹೆಚ್ಚಾಗಿ ಬರುವ ದೊಡ್ಡ ಆಸ್ಪತ್ರೆಯಲ್ಲಿ ಮಾಡಿದರೆ ಚಿತ್ರ ಬದಲಾಗುತ್ತದೆ. ಅಲ್ಲಿ ಸಾವಿರದಲ್ಲಿ 300 ಮಂದಿಗೆ ಕಾಯಿಲೆ ಇದ್ದರೆ, ಪಾಸಿಟಿವ್ ಬಂದವರಲ್ಲಿ ಸುಮಾರು ಶೇ. 79 ಮಂದಿ ನಿಜವಾದ ರೋಗಿಗಳು. ಪರೀಕ್ಷೆ ಒಂದೇ, ಯಂತ್ರ ಒಂದೇ. ವರದಿಯ ಅರ್ಥ ಮಾತ್ರ ಬೇರೆ. ಈ ವ್ಯತ್ಯಾಸವನ್ನು ಅರಿಯದ ವೈದ್ಯರು ಆರೋಗ್ಯವಂತನನ್ನು ರೋಗಿಯನ್ನಾಗಿ ಮಾಡಿಬಿಡಬಹುದು. ಅದನ್ನು ಕಲಿಸುವ ಶಾಸ್ತ್ರವೇ ಕ್ಲಿನಿಕಲ್ ಎಪಿಡೆಮಿಯಾಲಜಿ.

ಏನಿದು?

ಎಪಿಡೆಮಿಯಾಲಜಿ ಎಂದೊಡನೆ ಕಾಲರಾ, ಪ್ಲೇಗು, ಕೋವಿಡ್ ನೆನಪಾಗುವುದು ಸಹಜ. ಆದರೆ ಅದರ ವ್ಯಾಪ್ತಿ ಸಾಂಕ್ರಾಮಿಕ ರೋಗಗಳಿಗಷ್ಟೇ ಸೀಮಿತವಲ್ಲ. ಜನಸಮುದಾಯದಲ್ಲಿ ರೋಗ ಹೇಗೆ ಹರಡಿದೆ, ಏಕೆ ಬರುತ್ತದೆ ಎಂಬುದನ್ನು ಎಣಿಕೆಯಿಂದ ಅರಿಯುವ ವಿಧಾನವದು. ಅದೇ ವಿಧಾನವನ್ನು ರೋಗನಿರ್ಣಯಕ್ಕೂ ಚಿಕಿತ್ಸೆಗೂ ಅನ್ವಯಿಸಿದಾಗ ಕ್ಲಿನಿಕಲ್ ಎಪಿಡೆಮಿಯಾಲಜಿ ಆಗುತ್ತದೆ. ಈ ಹೆಸರನ್ನು 1938ರಲ್ಲಿ ಬಳಕೆಗೆ ತಂದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಪಾಲ್. 1967ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಯಾಕೆಟ್ ಇದಕ್ಕಾಗಿ ವಿಭಾಗವೊಂದನ್ನು ಕಟ್ಟಿದರು. 1980ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಬೆಳೆದ 'ಇನ್‌ಕ್ಲೆನ್' ಜಾಲವು ಭಾರತವೂ ಸೇರಿದಂತೆ ಅಭಿವೃದ್ಧಿಶೀಲ ದೇಶಗಳ ವೈದ್ಯರಿಗೆ ಈ ತರಬೇತಿಯನ್ನು ತಲುಪಿಸಿತು.

ಬೆಂಗಳೂರಿನ ನಿದರ್ಶನ

ಈ ವಿದ್ಯೆಯಿಂದ ಆಗುವ ಪ್ರಯೋಜನಕ್ಕೆ ಬೆಂಗಳೂರಿನಲ್ಲಿಯೇ ಉತ್ತಮ ಉದಾಹರಣೆ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಜೇವಿಯರ್ ಮತ್ತು ಸಂಗಡಿಗರು ದೇಶದ 50 ನಗರಗಳ 89 ಆಸ್ಪತ್ರೆಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮಾಹಿತಿ ಕಲೆಹಾಕಿದರು. 'ಕ್ರಿಯೇಟ್' ಎಂಬ ಈ ಅಧ್ಯಯನ 2008ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂವತ್ತು ದಿನಗಳೊಳಗೆ ಬಡ ರೋಗಿಗಳಲ್ಲಿ ಶೇ. 8.2 ಮಂದಿ ಸಾವನ್ನಪ್ಪಿದ್ದರೆ, ಶ್ರೀಮಂತರಲ್ಲಿ ಆ ಪ್ರಮಾಣ ಶೇ. 5.5 ಆಗಿತ್ತು.

ಬಡವರ ಕಾಯಿಲೆಯೇ ಹೆಚ್ಚು ತೀವ್ರವಾಗಿತ್ತೇ? ರೋಗಿಗಳ ಅಪಾಯಕಾರಿ ಅಂಶಗಳನ್ನೂ ಆರಂಭದ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಅಳಿಯಲಿಲ್ಲ. ಅವರಿಗೆ ದೊರೆತ ಚಿಕಿತ್ಸೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಅಳಿಯಿತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧದಂತಹ ಸಾಬೀತಾದ ಚಿಕಿತ್ಸೆಗಳು ಬಡವರಿಗೆ ಕಡಿಮೆ ದೊರೆತಿದ್ದವು. ಒಬ್ಬೊಬ್ಬ ರೋಗಿಯನ್ನಷ್ಟೇ ನೋಡುವ ವೈದ್ಯರ ಕಣ್ಣಿಗೆ ಈ ಸತ್ಯ ಬೀಳುವುದು ಕಷ್ಟ.

ಏನು ಕಲಿಸುತ್ತಾರೆ?

ಅಧ್ಯಯನದ ವಿನ್ಯಾಸ, ಜೈವಿಕ ಸಂಖ್ಯಾಶಾಸ್ತ್ರ, ರೋಗಪತ್ತೆ ಪರೀಕ್ಷೆಗಳ ಮೌಲ್ಯಮಾಪನ, ಔಷಧ ಪ್ರಯೋಗಗಳ ನಿರ್ವಹಣೆ, ಪ್ರಕಟಿತ ಸಂಶೋಧನೆಗಳ ವ್ಯವಸ್ಥಿತ ವಿಮರ್ಶೆ ಹಾಗೂ ಸಂಶೋಧನಾ ನೀತಿ ಇದರ ಮುಖ್ಯ ಪಾಠಗಳು. ಕೊನೆಯಲ್ಲಿ ಪ್ರಬಂಧವೊಂದನ್ನು ಸಲ್ಲಿಸಬೇಕು. ಭಾರತದಲ್ಲಿ ಔಷಧ ಪ್ರಯೋಗಗಳ ರಾಷ್ಟ್ರೀಯ ನೋಂದಣಿ 2007ರಲ್ಲಿ ಆರಂಭವಾಗಿ 2009ರ ಜೂನ್‌ನಿಂದ ಕಡ್ಡಾಯವಾಗಿರುವುದರಿಂದ ಅದರ ನಿಯಮಗಳ ಅರಿವೂ ಅಗತ್ಯ.

ಎಲ್ಲಿ ಕಲಿಯಬಹುದು?

'ಕ್ಲಿನಿಕಲ್ ಎಪಿಡೆಮಿಯಾಲಜಿ' ಎಂಬ ಹೆಸರನ್ನೇ ಹೊತ್ತ ಸ್ನಾತಕೋತ್ತರ ಪದವಿಗಳು ನಮ್ಮಲ್ಲಿ ವಿರಳ. ವಿಷಯವು ಬೇರೆ ಪದವಿಗಳೊಳಗೆ ಅಡಕವಾಗಿದೆ.

* ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ಸಮುದಾಯ ವೈದ್ಯಶಾಸ್ತ್ರದ ಮೂರು ವರ್ಷಗಳ ಎಂ.ಡಿ. ಇದೆ. ಪ್ರವೇಶ ನೀಟ್-ಪಿ.ಜಿ. ಮೂಲಕ.

* ದಂತವೈದ್ಯರು, ದಾದಿಯರು, ಆಯುಷ್ ಪದವೀಧರರು ಮೊದಲಾದವರಿಗೆ ಸಾರ್ವಜನಿಕ ಆರೋಗ್ಯ ಸ್ನಾತಕೋತ್ತರ ಪದವಿ, ಅಂದರೆ ಎಂ.ಪಿ.ಎಚ್., ಸೂಕ್ತ. ಮಣಿಪಾಲದ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್ ಇದನ್ನು ಕಲಿಸುವ ಸಂಸ್ಥೆಗಳಲ್ಲೊಂದು.

* ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯು ಎಪಿಡೆಮಿಯಾಲಜಿ ಮತ್ತು ಆರೋಗ್ಯ ವ್ಯವಸ್ಥೆಗಳ ವಿಷಯದಲ್ಲಿ ಎರಡು ವರ್ಷಗಳ ಎಂ.ಪಿ.ಎಚ್. ನೀಡುತ್ತದೆ.

* ಪೂರ್ಣಾವಧಿಗೆ ರಜೆ ದೊರೆಯದವರಿಗೆ ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್‌ನ ದೂರಶಿಕ್ಷಣ ಒಂದು ದಾರಿ. ಶುಲ್ಕ ದುಬಾರಿ, ಭಾರತದಲ್ಲಿ ಅದರ ಮಾನ್ಯತೆಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಒಮ್ಮೆ ರುಚಿ ನೋಡಬಯಸುವವರು ಚೆನ್ನೈ ಸಂಸ್ಥೆಯೇ ಆನ್‌ಲೈನ್‌ನಲ್ಲಿ ನಡೆಸುವ ಜೈವಿಕ-ವೈದ್ಯಕೀಯ ಸಂಶೋಧನೆಯ ಮೂಲ ಕೋರ್ಸ್‌ನಿಂದ ಆರಂಭಿಸಬಹುದು.

ಸೇರುವ ಮುನ್ನ

ಪದವಿಯ ಹೆಸರಿಗಿಂತ ಪಠ್ಯಕ್ರಮ ಮುಖ್ಯ. ಸಂಖ್ಯಾಶಾಸ್ತ್ರಕ್ಕೆ ಪೂರ್ಣಾವಧಿ ಅಧ್ಯಾಪಕರಿದ್ದಾರೆಯೇ, ಪ್ರಬಂಧಕ್ಕೆ ತಮ್ಮದೇ ಆಸ್ಪತ್ರೆಯ ರೋಗಿಗಳ ಮಾಹಿತಿಯನ್ನು ಬಳಸಲು ಅವಕಾಶವಿದೆಯೇ ಎಂಬುದನ್ನು ಕೇಳಿ ತಿಳಿಯಬೇಕು. ಕಲಿತವರಿಗೆ ಆಸ್ಪತ್ರೆಗಳ ಸಂಶೋಧನಾ ವಿಭಾಗ, ಸರ್ಕಾರದ ರೋಗ ಕಣ್ಗಾವಲು ವ್ಯವಸ್ಥೆ ಹಾಗೂ ಔಷಧ ಸಂಶೋಧನಾ ಕಂಪನಿಗಳಲ್ಲಿ ಕೆಲಸವಿದೆ. ಹುದ್ದೆ ಬದಲಿಸದೆ ರೋಗಿಗಳನ್ನು ನೋಡುತ್ತಲೇ ಇರುವವರಿಗೂ ಈ ಕಲಿಕೆ ವ್ಯರ್ಥವಲ್ಲ. ಆ 108 ಮಂದಿ ವರದಿ ಹಿಡಿದು ಬಂದಾಗ, ಅವರಲ್ಲಿ 99 ಮಂದಿಗೆ ಗಾಬರಿಯಾಗುವ ಕಾರಣವಿಲ್ಲ ಎಂಬುದು ಅವರಿಗೆ ತಿಳಿದಿರುತ್ತದೆ. ಉಳಿದ ಒಂಬತ್ತು ಮಂದಿ ಯಾರೆಂದು ಪತ್ತೆಹಚ್ಚಲು ಮುಂದೆ ಯಾವ ಪರೀಕ್ಷೆ ಮಾಡಿಸಬೇಕೆಂಬುದೂ ತಿಳಿದಿರುತ್ತದೆ.