ಹೊಳೆಯ ನಡೆಯನ್ನು ಅರಿತ ಸೇತುವೆಗಳು

ಬೆಂಗಳೂರಿನಿಂದ ಮೈಸೂರಿಗೆ ಪಯಣಿಸುವ ನಾವು ಮದ್ದೂರಿನಲ್ಲಿ ಶಿಂಷಾ ನದಿಯನ್ನು ದಾಟುವುದು ಕಣ್ಣೆವೆಯಿಕ್ಕುವಷ್ಟರಲ್ಲಿ. ಆ ಕ್ಷಣದ ಸುಖಕ್ಕಾಗಿ ಹಿಂದಿನವರು ಎಷ್ಟು ದಿನ ದಡದಲ್ಲಿ ನಿಂತು ನೆಲವನ್ನೂ ನೀರನ್ನೂ ಪರೀಕ್ಷಿಸಿರಬೇಕೆಂದು ನಾವು ಯೋಚಿಸುವುದು ಅಪೂರ್ವ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮರುವರ್ಷವೇ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಗೆ ಕೈಯಿಟ್ಟನು. ಅದೇ 1800ರಲ್ಲಿ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ನೂರಡಿಯ ಉಕ್ಕಿನ ಸರಪಣಿಯನ್ನು ಹಾಸಿ, ಏಳು ಮೈಲಿಗೂ ಮಿಗಿಲಾದ ಆಧಾರರೇಖೆಯೊಂದನ್ನು ಅಳೆದನು. ದಾರಿಯು ಎತ್ತ ಹೋಗಬೇಕೆಂಬುದನ್ನು ಭೂಪಟವು ಹೇಳಬಲ್ಲುದು. ಸೇತುವೆ ಎಲ್ಲಿ ನಿಂತೀತೆಂಬುದನ್ನು ಹೊಳೆಯನ್ನೇ ಕೇಳಬೇಕು.

ದಿವಾನ್ ಪೂರ್ಣಯ್ಯನವರು ಹಾಗೆ ಕೇಳಿದರೆಂಬುದಕ್ಕೆ 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಪೂರೈಸಿದ ವೆಲ್ಲೆಸ್ಲಿ ಸೇತುವೆಯೇ ಸಾಕ್ಷಿ. ಕಲ್ಲಿನ ಕಂಬಗಳ ಮೇಲೆ ಕಲ್ಲಿನ ಚಪ್ಪಡಿ. ಕಲ್ಲು ಒತ್ತಡವನ್ನು ತಾಳುವುದು, ಬಾಗುವಿಕೆಯನ್ನು ತಾಳದು. ಆದಕಾರಣ ಕಂಬಗಳು ಒತ್ತೊತ್ತಾಗಿರಬೇಕು. ಕಾವೇರಿಯ ಬಂಡೆಯ ಪಾತ್ರವು ಅದಕ್ಕೆ ಆಸರೆಯಾಯಿತು. ಮದ್ದೂರಿನಲ್ಲಿ 1850ರಲ್ಲಿ ಎದ್ದುದು ಏಳು ಕಮಾನುಗಳ ಇಟ್ಟಿಗೆಯ ಸೇತುವೆ. ಕಮಾನು ನೀರಿಗೆ ಅಗಲವಾದ ಹಾದಿಯನ್ನು ಕೊಡುವುದು ನಿಜ. ಆದರೆ ಒಂದು ಕಾಲು ಕುಸಿದರೂ ನೆರೆಯ ಕಮಾನುಗಳು ಬಿರಿಯುವುವು. ಅಲ್ಲಿ ಅಡಿಪಾಯದ ಪರೀಕ್ಷೆಯು ಇನ್ನಷ್ಟು ಕಟ್ಟುನಿಟ್ಟಾಗಿರಬೇಕು.

ಶಿಂಷೆಯು ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ತುಮಕೂರು ಸೀಮೆಯ ನೀರನ್ನು ಹೊತ್ತು, ಮದ್ದೂರನ್ನು ಹಾದು, ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯನ್ನು ಕೂಡುವುದು. ಮದ್ದೂರಿನ ಆಕಾಶವು ನಿರ್ಮಲವಾಗಿರುವಾಗಲೂ ಮೇಲ್ನಾಡಿನ ಮಳೆಯು ಪ್ರವಾಹವಾಗಿ ಬರಬಹುದು. ಸೇತುವೆಯ ಜಾಗವನ್ನಷ್ಟೇ ನೋಡಿದ ಎಂಜಿನಿಯರು ಅರ್ಧವನ್ನು ಮಾತ್ರ ನೋಡಿದಂತೆ. ದಡದ ಮರಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿ, ಗೋಡೆಯ ಮೇಲಿನ ನೀರಿನ ಗೆರೆ, ಊರ ಹಿರಿಯರ ನೆನಪು, ಇವೂ ಅವನ ದಾಖಲೆಗಳೇ.

ಮನುಷ್ಯನು ತಂದ ನೀರೂ ಲೆಕ್ಕಕ್ಕೆ ಬರಬೇಕು. ಅಂದು ಇರ್ವಿನ್ ನಾಲೆಯೆನಿಸಿದ್ದ ವಿಶ್ವೇಶ್ವರಯ್ಯ ನಾಲೆಯು 1930ರ ದಶಕದಿಂದ ಮಂಡ್ಯ, ಮದ್ದೂರು, ಮಳವಳ್ಳಿಗಳ ಬೆದ್ದಲನ್ನು ಗದ್ದೆಯಾಗಿಸಿತು. ಒಣಗಿದಾಗ ಗಟ್ಟಿಯಾಗಿ ತೋರುವ ಜೇಡಿಮಣ್ಣು ನೆನೆದಾಗ ಬಲಗುಂದುವುದು. ನಾಲೆ ಬರುವ ಮೊದಲಿನ ಪರೀಕ್ಷೆಯನ್ನು ನಂಬಿ ಇಂದು ರಸ್ತೆಯ ಏರಿಯನ್ನು ಕಟ್ಟಲಾಗದು.

ಈಗ ನೆಲವನ್ನು ಕೊರೆದು ಪದರ ಪದರವಾಗಿ ಮಣ್ಣನ್ನು ಹೊರತೆಗೆಯುವ ಯಂತ್ರಗಳಿವೆ. ಉಪಗ್ರಹಗಳ ನೆರವಿನಿಂದ ಎತ್ತರ ತಗ್ಗುಗಳನ್ನು ಅಳೆಯುವೆವು. ಆದರೂ 2022ರ ಆಗಸ್ಟಿನ ಭಾರಿ ಮಳೆಯಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯು ರಾಮನಗರದ ಬಳಿ ಜಲಾವೃತವಾಯಿತು. ಅದೇ ಹೆದ್ದಾರಿಯು 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಲೋಕಾರ್ಪಣೆಗೊಂಡಿತು.

ಸಾಧನವು ಬೆಳೆದಿದೆ, ಪ್ರಶ್ನೆಯು ಪೂರ್ಣಯ್ಯನವರ ಕಾಲದ್ದೇ. ನೀರು ಎಲ್ಲಿಂದ ಬರುವುದು, ಎಲ್ಲಿಗೆ ಹೋಗುವುದು? ಇದಕ್ಕೆ ಉತ್ತರವನ್ನು ಪಡೆಯದೆ ಹಾಕಿದ ಅಡಿಗಲ್ಲಿನ ಬೆಲೆಯನ್ನು ತೆರುವವರು, ಮಳೆಯ ರಾತ್ರಿ ಆ ದಾರಿಯಲ್ಲಿ ಬರುವ ನಾವೇ.