ಹಳೆಯ ಪಾಕವಿಧಾನದ ಸಿಹಿ ಅಡುಗೆ

ಕನ್ನಡದಲ್ಲಿ ‘ಪಾಕ’ ಎಂಬ ಒಂದು ಪದಕ್ಕೆ ಎರಡು ಅರ್ಥ. ಅಡುಗೆ ಅಂದರೂ ಪಾಕ. ಬೆಲ್ಲವೋ ಸಕ್ಕರೆಯೋ ನೀರಿನೊಡನೆ ಕುದಿದು ಎಳೆ ಬಿಡುವ ಹದಕ್ಕೂ ಪಾಕ. ಹಳೆಯ ಗ್ರಂಥವನ್ನೋ ಅಜ್ಜಿಯ ನೋಟ್‌ಬುಕ್ಕನ್ನೋ ಮುಂದಿಟ್ಟುಕೊಂಡು ಸಿಹಿ ಮಾಡಲು ಕೂತವರಿಗೆ ಮೊದಲನೆಯ ಪಾಕ ಪುಟದ ಮೇಲೆ ಸಿಕ್ಕುತ್ತದೆ, ಎರಡನೆಯದಕ್ಕೆ ಒಲೆಯ ಮುಂದೆ ಬೆವರಬೇಕಾಗುತ್ತದೆ. ಕನ್ನಡ ನಾಡಿನಲ್ಲಿ ಅಡುಗೆಯನ್ನು ಬರೆದಿಡುವ ರೂಢಿಗೆ ಸುಮಾರು 1000 ವರ್ಷ ತುಂಬಿದೆ. ಅಳತೆಯನ್ನು ಕರಾರುವಾಕ್ಕಾಗಿ ಬರೆಯುವ ರೂಢಿ ಮಾತ್ರ ತೀರಾ ಈಚಿನದು.

1025ರ ಸುಮಾರಿನಲ್ಲಿ, ಚಾಳುಕ್ಯ ಇಮ್ಮಡಿ ಜಯಸಿಂಹನ ಕಾಲದಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ ಈ ಸಾಲಿನ ಹಳೆಯ ಕನ್ನಡ ಪುಸ್ತಕ. ಜ್ಯೋತಿಷ, ವಾಸ್ತು, ನೆಲದಡಿಯ ನೀರಿನ ಪತ್ತೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯಗಳ ನಡುವೆ ಅಡುಗೆಗೂ ಅದರಲ್ಲಿ ಒಂದು ಅಧ್ಯಾಯ ಉಂಟು. ಗೃಹಸ್ಥನಿಗೆ ಬಾವಿ ಎಷ್ಟು ಮುಖ್ಯವೋ ಬಾಣಲೆಯೂ ಅಷ್ಟೇ ಮುಖ್ಯ ಎಂದು ಚಾವುಂಡರಾಯನಿಗೆ ಅನ್ನಿಸಿರಬೇಕು. ಪುಸ್ತಕ ಇರುವುದು ಪದ್ಯದಲ್ಲಿ. ಛಂದಸ್ಸಿಗೆ ಒಗ್ಗಿದಷ್ಟು ವಿವರ ಉಳಿದಿದೆ.

ಮುಂದಿನ ಶತಮಾನದಲ್ಲಿ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಬಂತು. ಇದರ ‘ಅನ್ನಭೋಗ’ ಭಾಗ ರಾಜನ ಊಟದ ವರ್ಣನೆ. ಗೋಧಿಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಬೀಸಿ, ಜರಡಿ ಹಿಡಿದು ಹಿಟ್ಟು ಮಾಡುವಲ್ಲಿಂದಲೇ ಅದು ಶುರು. ಇದರಲ್ಲಿ ‘ಕ್ಷೀರಪ್ರಕಾರ’ ಎಂಬ ಸಿಹಿಯೊಂದಿದೆ. ಕಾಯಿಸಿದ ಹಾಲನ್ನು ಹುಳಿ ಮಜ್ಜಿಗೆ ಹಾಕಿ ಒಡೆಸಬೇಕು, ಬಟ್ಟೆಯಲ್ಲಿ ಸೋಸಬೇಕು, ಉಳಿದ ಗಷ್ಟಿಗೆ ಅಕ್ಕಿಹಿಟ್ಟು ಬೆರೆಸಿ ಆಕಾರ ಕೊಟ್ಟು ಕರಿಯಬೇಕು, ಮೇಲೆ ಸಕ್ಕರೆ ಹಿಡಿಸಬೇಕು. ಒಡೆದ ಹಾಲಿನ ಸಿಹಿ ಎಂದ ಕೂಡಲೇ ಬಂಗಾಳದ ಕಡೆ ಕೈ ತೋರಿಸುವವರಿಗೆ ಕಲ್ಯಾಣದ ಅರಮನೆಯ ಈ ತಿಂಡಿ ಅಚ್ಚರಿ ತರಬಹುದು. ಮಾನಸೋಲ್ಲಾಸ ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ 1925ರಿಂದ ಮೂರು ಸಂಪುಟಗಳಾಗಿ ಅಚ್ಚಾಯಿತು. ಅಲ್ಲಿಯವರೆಗೆ ಅದು ಓಲೆ, ಹಸ್ತಪ್ರತಿಗಳ ಸೊತ್ತಾಗಿತ್ತು.

ಅದೇ ಗ್ರಂಥದ ‘ಮಂಡಕ’ವನ್ನು ನೋಡಲು ಗ್ರಂಥಾಲಯಕ್ಕೇ ಹೋಗಬೇಕೆಂದಿಲ್ಲ. ಬೆಳಗಾವಿಯ ಕಡೆ ಮದುವೆಯೂಟದಲ್ಲಿ ಬಡಿಸುವ ಮಂಡಿಗೆ ಅದರ ವಂಶದ್ದೇ. ಕಣಕವನ್ನು ಕೈಮೇಲೆ ತಿರುಗಿಸುತ್ತ ಕರವಸ್ತ್ರದಷ್ಟು ತೆಳ್ಳಗೆ ಹಿಗ್ಗಿಸಿ, ಬೋರಲು ಹಾಕಿದ ಕಾದ ಗಡಿಗೆಯ ಮೇಲೆ ಹರಡುತ್ತಾರೆ. ಕ್ಷಣದಲ್ಲಿ ಬೇಯುತ್ತದೆ. ಇನ್ನೂ ಮೆತ್ತಗಿರುವಾಗಲೇ ಮಡಿಸಬೇಕು, ತಡವಾದರೆ ಹಪ್ಪಳದಂತೆ ಮುರಿಯುತ್ತದೆ. ಒಳಗೆ ಸಕ್ಕರೆ, ತುಪ್ಪ, ಕೆಲವೆಡೆ ಖೋವಾ. ಇಷ್ಟು ಕಷ್ಟದ ತಿಂಡಿಯಾದ್ದರಿಂದಲೇ ಇರಬೇಕು, ‘ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು’ ಎಂಬ ನುಡಿಗಟ್ಟು ಹುಟ್ಟಿತು. ಮಂಡಿಗೆಯನ್ನು ಕಂಡೇ ಇರದ ಊರುಗಳಲ್ಲೂ ಜನ ಆ ಮಾತನ್ನಾಡುತ್ತಾರೆ.

ಅಡುಗೆಯೊಂದನ್ನೇ ವಸ್ತುವಾಗಿಸಿಕೊಂಡ ಕನ್ನಡ ಕೃತಿ ಬರಲು 16ನೆಯ ಶತಮಾನದವರೆಗೆ ಕಾಯಬೇಕಾಯಿತು. ಅದು ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ಈಗಿನ ಹುಣಸೂರು ಸೀಮೆಯ ಕಲ್ಲಹಳ್ಳಿಯ ಈ ಪ್ರಭು ಜೈನ. ‘ಸಮ್ಯಕ್ತ್ವ ಕೌಮುದಿ’, ‘ನೇಮಿಜಿನೇಶ ಸಂಗತಿ’ಗಳನ್ನು ಬರೆದ ಕವಿ. ಅಡುಗೆಯನ್ನೂ ಷಟ್ಪದಿಯಲ್ಲೇ ಹೇಳಿದ. ಪುಸ್ತಕ ಪೂರ್ತಿ ಸಸ್ಯಾಹಾರ. ಮೊದಲ ಅಧ್ಯಾಯ ಪಿಷ್ಟಪಾಕ, ಅಂದರೆ ಹಿಟ್ಟಿನ ತಿಂಡಿಗಳು: ರೊಟ್ಟಿ, ಮಂಡಿಗೆ, ಹೂರಣದ ಹೋಳಿಗೆ ಎಲ್ಲ ಇಲ್ಲಿವೆ. ಗಮನ ಸೆಳೆಯುವುದು ‘ಮುಚ್ಚಳ ರೊಟ್ಟಿ’. ಕಣಕವನ್ನು ಪಾತ್ರೆಯಲ್ಲಿಟ್ಟು, ಮುಚ್ಚಿ, ಕೆಳಗೂ ಮೇಲೂ ಕೆಂಡ ಹಾಕಿ ಬೇಯಿಸುವ ಕ್ರಮ ಅದು. ಇಂದಿನ ಓವನ್ನಿನಲ್ಲಿ ಎರಡೂ ಕಡೆಯ ತಂತಿ ಕಾಯುವಂತೆ ಹಾಕಿದರೆ ಆಗುವ ಕೆಲಸವೂ ಇಷ್ಟೇ. ಆದರೆ ಎಷ್ಟು ಕೆಂಡ, ಎಷ್ಟು ಹೊತ್ತು? ಮಂಗರಸ ಹೇಳುವುದಿಲ್ಲ. ಅವನ ಓದುಗನಿಗೆ ಅದು ಗೊತ್ತಿತ್ತು, ನಮಗೆ ಗೊತ್ತಿಲ್ಲ.

ಕೆಳದಿಯ ಬಸವಪ್ಪ ನಾಯಕನ (ಆಳ್ವಿಕೆ 1697–1714) ‘ಶಿವತತ್ತ್ವರತ್ನಾಕರ’ವೂ ಪಾಕಶಾಸ್ತ್ರಕ್ಕೆ ಜಾಗ ಕೊಟ್ಟಿದೆ.

ಅರಮನೆಯ ಹೊರಗಿನ ಅಡುಗೆಯ ದಾಖಲೆ ಹಾಡಿನಲ್ಲಿದೆ. ಪಾಯಸವನ್ನು ರೂಪಕವಾಗಿಟ್ಟ ಪುರಂದರದಾಸರ ಪ್ರಸಿದ್ಧ ಕೀರ್ತನೆಯನ್ನು ಭಕ್ತಿ ಬದಿಗಿಟ್ಟು ಓದಿದರೆ ಅದು ಶಾವಿಗೆ ಪಾಯಸದ ಪೂರ್ತಿ ವಿಧಾನ. ಗೋಧಿ ತರುವುದು, ಕಲ್ಲಿನಲ್ಲಿ ಬೀಸುವುದು, ಸಜ್ಜಿಗೆ ತೆಗೆಯುವುದು, ಶಾವಿಗೆ ಹೊಸೆಯುವುದು, ಸಕ್ಕರೆ ತುಪ್ಪ ಸೇರಿಸುವುದು, ಎಲ್ಲವೂ ಸರಿಯಾದ ಕ್ರಮದಲ್ಲಿವೆ. ಗೋಧಿಗೆ ‘ಮಾನ’ದ ಅಳತೆ ಕೂಡ ಉಂಟು.

ಅಳತೆಯ ತೊಡಕು ಆರಂಭವಾಗುವುದು ಇಲ್ಲಿಂದ. 20ನೆಯ ಶತಮಾನದ ಮನೆಗಳ ನೋಟ್‌ಬುಕ್ಕುಗಳಲ್ಲಿ ಗ್ರಾಂ, ಲೀಟರುಗಳಿಲ್ಲ. ಇರುವುದು ಸೇರು, ಪಾವು, ಚಟಾಕು, ತೊಲ. ಒಂದು ತೊಲ ಸುಮಾರು 11.66 ಗ್ರಾಂ. 80 ತೊಲದ ಪಕ್ಕಾ ಸೇರು 933 ಗ್ರಾಂ ತೂಗುತ್ತದೆ. ದಕ್ಷಿಣದಲ್ಲಿ ಬಳಕೆಯಲ್ಲಿದ್ದ ಕಚ್ಚಾ ಸೇರು 24 ತೊಲದ್ದು, ಅಂದರೆ ಸುಮಾರು 280 ಗ್ರಾಂ. ಇವೆರಡೂ ಸಾಲದೆಂಬಂತೆ, ಕಾಳು ಹಿಟ್ಟುಗಳನ್ನು ತುಂಬಿ ಅಳೆಯುವ ಪಾತ್ರೆಗೂ ಸೇರು ಎಂದೇ ಹೆಸರು. ‘ಒಂದು ಸೇರು ಬೆಲ್ಲ, ಎರಡು ಸೇರು ಅಕ್ಕಿ’ ಎಂದು ಬರೆದಿದ್ದರೆ ಬೆಲ್ಲ ತೂಕದ್ದು, ಅಕ್ಕಿ ಅಳತೆಯದ್ದು ಆಗಿರಬಹುದು. 1956ರ ತೂಕ ಮತ್ತು ಅಳತೆ ಕಾಯ್ದೆಯ ನಂತರ, 1960ರ ದಶಕದಲ್ಲಿ ಅಂಗಡಿಯ ತಕ್ಕಡಿಗೆ ಕಿಲೋ ಬಂತು. ಅಡುಗೆಮನೆಯ ಪಾವು ಅಷ್ಟು ಬೇಗ ಜಾಗ ಬಿಡಲಿಲ್ಲ.

ಅಳತೆ ಸರಿಹೋದರೂ ಹದ ಉಳಿಯುತ್ತದೆ. ಅದಕ್ಕೆ ಕಜ್ಜಾಯಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿಲ್ಲ. ಹಳೇ ಮೈಸೂರಿನಲ್ಲಿ ಕಜ್ಜಾಯ, ಬೇರೆಡೆ ಅತ್ರಾಸ ಎನಿಸಿಕೊಳ್ಳುವ ಇದಕ್ಕೆ ಬೇಕಾದ್ದು ಅಕ್ಕಿ, ಬೆಲ್ಲ, ಏಲಕ್ಕಿ, ಗಸಗಸೆ ಅಥವಾ ಎಳ್ಳು, ಕರಿಯಲು ತುಪ್ಪವೋ ಎಣ್ಣೆಯೋ. ನೆನೆಸಿದ ಅಕ್ಕಿಯನ್ನು ಬಟ್ಟೆಯ ಮೇಲೆ ಹರಡಿ, ಕೈಗೆ ಇನ್ನೂ ತಂಪು ತಾಗುತ್ತಿರುವಾಗಲೇ ಕುಟ್ಟಿ ಜರಡಿ ಹಿಡಿಯಬೇಕು. ಪೂರ್ತಿ ಒಣಗಿದ ಹಿಟ್ಟು ಪಾಕವನ್ನೆಲ್ಲ ಹೀರಿ ಬಿರುಕು ಬಿಡುತ್ತದೆ. ಅಂಗಡಿಯ ಪೊಟ್ಟಣದ ಅಕ್ಕಿಹಿಟ್ಟಿನಲ್ಲಿ ಮಾಡಿ ಸೋತವರು ಬಹಳ. ಇತ್ತ ಬೆಲ್ಲ ನೊರೆಯೆದ್ದು ಕುದಿಯುವಾಗ ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಡುತ್ತಾರೆ. ಕರಗಿಹೋದರೆ ಇನ್ನೂ ಆಗಿಲ್ಲ. ಬೆರಳಲ್ಲಿ ಕೂಡಿಸಿದಾಗ ಮೆತ್ತನೆ ಉಂಡೆಯಾದರೆ ತಕ್ಷಣ ಇಳಿಸಬೇಕು. ಮಿಠಾಯಿ ಥರ್ಮಾಮೀಟರಿನಲ್ಲಿ ಸಕ್ಕರೆ ಪಾಕದ ಇದೇ ಹದ 112ರಿಂದ 116 ಡಿಗ್ರಿ ಸೆಲ್ಸಿಯಸ್. ಪಾಕ ಎಳೆಯದಾದರೆ ಕಜ್ಜಾಯ ಬಾಣಲೆಯಲ್ಲೇ ಬಿಚ್ಚಿಕೊಳ್ಳುತ್ತದೆ, ಬಲಿತರೆ ಕಲ್ಲು. ಕಲಸಿದ ಹಿಟ್ಟು ಒಂದು ರಾತ್ರಿಯಾದರೂ ಸುಮ್ಮನಿರಬೇಕು. ಮರುದಿನ ತುಪ್ಪ ಸವರಿದ ಬಾಳೆಯೆಲೆಯ ಮೇಲೆ ತಟ್ಟಿ, ಸಣ್ಣ ಉರಿಯಲ್ಲಿ ಕರಿದು, ಎರಡು ಜಾಲರಿ ಸಟ್ಟುಗಗಳ ನಡುವೆ ಒತ್ತಿ ಜಿಡ್ಡು ಇಳಿಸುತ್ತಾರೆ.

ಸಾಮಗ್ರಿಗಳೂ ಹಳೆಯವಾಗಿ ಉಳಿದಿಲ್ಲ. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ಬಿಳಿ ಸಕ್ಕರೆ ಹೀಗೆ ಕೈಗೆಟುಕುವಂತಾದ ಮೇಲೆ ಬೆಲ್ಲದ ಅನೇಕ ಸಿಹಿಗಳು ಸಕ್ಕರೆಗೆ ತಿರುಗಿದವು. ಈಗ ಬೆಲ್ಲದಲ್ಲೂ ಬಣ್ಣ ತಿಳಿಯಾಗಲೆಂದು ರಾಸಾಯನಿಕ ಬೆರೆಸಿದ್ದು ಮಾರುಕಟ್ಟೆಗೆ ಬರುತ್ತದೆ; ಹಳೆಯ ವಿಧಾನ ಹಿಡಿದವರು ಕಪ್ಪು ಬೆಲ್ಲವನ್ನೇ ಹುಡುಕುತ್ತಾರೆ. ಹೋಳಿಗೆಯ ಕಣಕಕ್ಕೆ ಮೈದಾ ಬಂದಿದೆ, ಜೊತೆಗೆ ಚಿರೋಟಿ ರವೆಯೂ ಇದೆ (ತಿಂಡಿಯೊಂದು ತನ್ನ ರವೆಗೇ ಹೆಸರು ಕೊಟ್ಟದ್ದು ಸಣ್ಣ ಗೌರವವಲ್ಲ). ಹೂರಣಕ್ಕೆ ದಕ್ಷಿಣದಲ್ಲಿ ತೊಗರಿಬೇಳೆ, ಉತ್ತರದಲ್ಲಿ ಕಡಲೆಬೇಳೆ ಎಂಬ ವ್ಯತ್ಯಾಸ ಮಾತ್ರ ಹಾಗೇ ಇದೆ. ಹಳೆಯ ವಿಧಾನಗಳಲ್ಲಿ ಬರುವ ಕರ್ಪೂರದ ಬಗ್ಗೆ ಒಂದು ಎಚ್ಚರಿಕೆ ಬೇಕು. ಅದು ಪಚ್ಚಕರ್ಪೂರ. ಮಂಗಳಾರತಿಗೆ ಹಚ್ಚುವ ಇಂದಿನ ಕರ್ಪೂರ ತಿನ್ನುವ ವಸ್ತುವಲ್ಲ.

ಹೆಸರಿನಲ್ಲೇ ಪಾಕವನ್ನು ಹೊತ್ತ ಮೈಸೂರು ಪಾಕ್ ಈ ಚರಿತ್ರೆಗೆ ತಡವಾಗಿ ಸೇರಿದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಅರಮನೆ ಬಾಣಸಿಗ ಕಾಕಾಸುರ ಮಾದಪ್ಪನವರ ಕೈಯಲ್ಲಿ ಅದು ಹುಟ್ಟಿತೆಂಬ ಮಾತು ಮೈಸೂರಿನಲ್ಲಿ ಪ್ರಚಲಿತ. ಕಡಲೆಹಿಟ್ಟು, ಸಕ್ಕರೆ, ತುಪ್ಪ, ಇಷ್ಟೇ ಸಾಮಗ್ರಿ. ಗುಟ್ಟೆಂಬುದೇನೂ ಇಲ್ಲದ ಈ ತಿಂಡಿ ಮನೆಯಲ್ಲಿ ಕೆಡುವಷ್ಟು ಇನ್ಯಾವುದೂ ಕೆಡಲಿಕ್ಕಿಲ್ಲ.

ಸೇರು, ಪಾವುಗಳ ಲೆಕ್ಕದ ಆ ಹಳೆಯ ನೋಟ್‌ಬುಕ್ಕುಗಳನ್ನು ಈಗ ಜನ ಫೋಟೋ ತೆಗೆದು ಜೋಪಾನ ಮಾಡುತ್ತಿದ್ದಾರೆ; ಜೊತೆಗಿದ್ದ ಹಿತ್ತಾಳೆಯ ಪಾವು ಹಳೇ ಪಾತ್ರೆಯವನ ಪಾಲಾಗುತ್ತದೆ. ಕೊಡುವ ಮುನ್ನ ಅದರಲ್ಲೊಮ್ಮೆ ಅಕ್ಕಿ ತುಂಬಿ, ತಲೆ ಸವರಿ, ತೂಕ ಮಾಡಿ, ಎಷ್ಟು ಗ್ರಾಂ ಎಂದು ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.