ಮ್ಯೂಲೂಸಿನ ಮೋಟಾರು ಭಂಡಾರ

ನಾನು ಬಾಲಕನಾಗಿದ್ದಾಗ ನಮ್ಮ ತರಗತಿಯಲ್ಲಿ ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಡುವ ಹುಡುಗರು ಇಬ್ಬರಿದ್ದರು. ಒಬ್ಬನು ಅವನ್ನು ಹಳೆಯ ನೋಟುಬುಕ್ಕಿಗೆ ಅಂಟಿಸಿ, ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದನು. ಇನ್ನೊಬ್ಬನು ತಗಡಿನ ಡಬ್ಬಿಯಲ್ಲಿ ತುಂಬಿ, ಡಬ್ಬಿಯನ್ನು ಮನೆಯ ಅಟ್ಟದ ಮೇಲೆ ಇಟ್ಟಿದ್ದನು. ಹೆಚ್ಚು ಚಿತ್ರಗಳಿರುವುದು ಅವನಲ್ಲಿಯೇ ಎಂದು ಎಲ್ಲರೂ ನಂಬಿದ್ದೆವು. ಆದರೆ ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ವಾಚಕರೇ, ಈ ಇಬ್ಬರು ಹುಡುಗರೂ ದೊಡ್ಡವರ ಲೋಕದಲ್ಲಿಯೂ ಉಂಟು. ಅಲ್ಲಿ ಬೆಂಕಿಪೊಟ್ಟಣದ ಚಿತ್ರಗಳ ಬದಲು ಮೋಟಾರು ಗಾಡಿಗಳಿರಬಹುದು, ಅಷ್ಟೆ.

ಹಳೆಯ ಮೋಟಾರು ಗಾಡಿಯೆಂದರೆ ನಮ್ಮಲ್ಲಿ ಅನೇಕರಿಗೆ ಗುಜರಿಯವನ ನೆನಪೇ ಮೊದಲು ಬರುತ್ತದೆ. ಅದು ಸಹಜ. ಕೊಂಡಾಗ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ ಪೂಜಿಸಿದ ಬಂಡಿಯೇ ಇಪ್ಪತ್ತು ವರ್ಷದ ಮೇಲೆ ಅಂಗಳಕ್ಕೆ ಭಾರವಾಗುತ್ತದೆ. ಆದರೆ ಅದೇ ಬಂಡಿ ಇನ್ನೂ ಮೂವತ್ತು ವರ್ಷ ಹೇಗೋ ಉಳಿದರೆ, ನೋಡಲು ಜನ ಹುಡುಕಿಕೊಂಡು ಬರುತ್ತಾರೆ. ಭಾರವಾದ ವಸ್ತುವು ಬೆರಗಿನ ವಸ್ತುವಾಗುವುದರ ನಡುವೆ ಒಂದು ಅನಾದರದ ಕಾಲವಿದೆ. ಆ ಕಾಲದಲ್ಲಿ ಅದನ್ನು ಕೈಹಿಡಿದು ಉಳಿಸುವವನೇ ಸಂಗ್ರಹಕಾರ.

ಇಂಗ್ಲೆಂಡಿನಲ್ಲಿ ಈ ಹವ್ಯಾಸ ಬೇಗನೆ ಬೇರೂರಿತು. ಅಲ್ಲಿ ೧೮೬೫ನೆಯ ಇಸವಿಯ ಕಾನೂನಿನಂತೆ, ಯಂತ್ರದಿಂದ ಓಡುವ ಬಂಡಿಯ ಮುಂದೆ ಒಬ್ಬನು ಕೆಂಪು ಬಾವುಟ ಹಿಡಿದು ನಡೆಯಬೇಕಾಗಿತ್ತು. ಬಂಡಿಯ ವೇಗ ಊರೊಳಗೆ ಗಂಟೆಗೆ ೨ ಮೈಲಿ, ಹೊರಗೆ ೪ ಮೈಲಿ. ಮುಂದೆ ಬಾವುಟದ ಕಟ್ಟು ಸಡಿಲಾಯಿತಾದರೂ ಮುಂದೆ ನಡೆಯುವ ಮನುಷ್ಯನು ಉಳಿದೇ ಇದ್ದನು. ೧೮೯೬ರಲ್ಲಿ ಕಾನೂನು ಬದಲಾಯಿತು. ಆ ವರ್ಷದ ನವೆಂಬರ್ ೧೪ರಂದು ಮೋಟಾರು ಪ್ರಿಯರು ಕೆಂಪು ಬಾವುಟವೊಂದನ್ನು ಹರಿದು ಹಾಕಿ, ಲಂಡನ್ನಿನಿಂದ ಕಡಲತೀರದ ಬ್ರೈಟನ್ನಿಗೆ ೫೦ಕ್ಕೂ ಹೆಚ್ಚು ಮೈಲಿಯ ಪಯಣ ಹೊರಟರು. ೧೯೨೭ರಲ್ಲಿ ಅದರ ನೆನಪಿಗಾಗಿ ಹಳೆಯ ಗಾಡಿಗಳ ಓಟ ನಡೆಯಿತು. ೧೯೩೦ರಲ್ಲಿ ಹಳೆಯ ಗಾಡಿಗಳ ಒಡೆಯರು ತಮ್ಮದೇ ಸಂಘವನ್ನು ಕಟ್ಟಿದರು. ೧೯೦೫ಕ್ಕಿಂತ ಹಿಂದಿನ ಗಾಡಿಗಳು ಇಂದಿಗೂ ಪ್ರತಿವರ್ಷ ನವೆಂಬರಿನಲ್ಲಿ ಆ ಹಾದಿಯನ್ನು ತುಳಿಯುತ್ತವೆ. ಚಳಿಯಲ್ಲಿ ಕೆಮ್ಮುತ್ತ, ನಡುದಾರಿಯಲ್ಲಿ ನಿಲ್ಲುತ್ತ, ತಳ್ಳಿಸಿಕೊಳ್ಳುತ್ತ ಅವು ಸಾಗುವುದನ್ನು ನೋಡಲು ಸಾವಿರಾರು ಜನ ರಸ್ತೆಯ ಬದಿಯಲ್ಲಿ ನೆರೆಯುತ್ತಾರೆ. ಇವರೆಲ್ಲ ನನ್ನ ತರಗತಿಯ ಮೊದಲನೆಯ ಹುಡುಗನ ಕುಲದವರು.

ಎರಡನೆಯ ಹುಡುಗನ ಕುಲದವರ ಕಥೆ ಇದಕ್ಕಿಂತ ವಿಚಿತ್ರವಾದುದು. ಅದು ನಡೆದದ್ದು ಫ್ರಾನ್ಸಿನ ಪೂರ್ವದ ಅಂಚಿನಲ್ಲಿರುವ ಅಲ್ಸಾಸ್ ಸೀಮೆಯ ಮ್ಯೂಲೂಸ್ ಪಟ್ಟಣದಲ್ಲಿ. ನೂಲಿಗೂ ನೇಯ್ಗೆಗೂ ಹೆಸರಾದ ಊರದು. ಅಲ್ಲಿಂದ ಹೆಚ್ಚು ದೂರವಿಲ್ಲದ ಮೋಲ್ಸೈಮ್ ಎಂಬಲ್ಲಿ ಎಟ್ಟೋರೆ ಬುಗಾಟಿ ೧೯೦೯ರಲ್ಲಿ ಮೋಟಾರು ಕಾರ್ಖಾನೆಯನ್ನು ಆರಂಭಿಸಿದನು. ಇಟಲಿಯ ಮಿಲಾನಿನಲ್ಲಿ ಹುಟ್ಟಿದ ಈತನು ಕಲಾವಿದರ ಮನೆತನದವನು. ತಮ್ಮನು ಪ್ರಾಣಿಗಳ ಕಂಚಿನ ಪ್ರತಿಮೆಗಳನ್ನು ಮಾಡಿ ಹೆಸರಾದ ಶಿಲ್ಪಿ. ಬುಗಾಟಿಯ ಗಾಡಿಗಳ ಮುಂಭಾಗ ಕುದುರೆಯ ಲಾಳದ ಆಕಾರದಲ್ಲಿರುತ್ತಿತ್ತು. ೧೯೨೪ರಲ್ಲಿ ಹೊರಬಂದ ಅವನ ಪಂದ್ಯದ ಗಾಡಿ ಯೂರೋಪಿನ ಓಟಗಳನ್ನು ಸಾಲುಸಾಲಾಗಿ ಗೆದ್ದಿತು.

ಗೆಲುವು ಕಂಡವನು ರಾಜಮಹಾರಾಜರಿಗೆಂದೇ ಒಂದು ಗಾಡಿಯನ್ನು ಕಟ್ಟಹೊರಟನು. ಅದಕ್ಕೆ 'ರೊಯಾಲ್' ಎಂದು ಹೆಸರು. ಎಂಟು ಸಿಲಿಂಡರು, ೧೨ ಲೀಟರಿಗೂ ಮೀರಿದ ಯಂತ್ರ. ಉದ್ದ ೬ ಮೀಟರಿಗೂ ಹೆಚ್ಚು. ಮುಂದೆ ಸೊಂಡಿಲೆತ್ತಿ ನಿಂತ ಆನೆಯ ಪುಟ್ಟ ಪ್ರತಿಮೆ, ತಮ್ಮನು ಮಾಡಿದ್ದು. ಆದರೆ ೧೯೨೯ರಲ್ಲಿ ಲೋಕದ ವ್ಯಾಪಾರವೆಲ್ಲ ಕುಸಿಯಿತು. ಕಟ್ಟಿದ್ದು ೬ ಗಾಡಿ. ಗಿರಾಕಿಗಳು ಕೊಂಡದ್ದು ೩ ಮಾತ್ರ. ಅದರಲ್ಲಿ ಒಂದನ್ನು ಕೊಂಡ ಬಟ್ಟೆಯ ವ್ಯಾಪಾರಿಯು, ತಾನು ರಾತ್ರಿಯಲ್ಲಿ ಗಾಡಿ ನಡೆಸುವುದಿಲ್ಲವೆಂದು ಮುಂದೀಪಗಳೇ ಬೇಡವೆಂದನಂತೆ! ಮಾರದೆ ಉಳಿದ ಯಂತ್ರಗಳನ್ನು ಬುಗಾಟಿ ರೈಲುಬಂಡಿಗಳಿಗೆ ಜೋಡಿಸಿದನು. ಅರಸರಿಗಾಗಿ ಮಾಡಿದ ಯಂತ್ರ ಟಿಕೀಟು ಕೊಂಡ ಸಾಮಾನ್ಯ ಪ್ರಯಾಣಿಕರನ್ನು ಹೊತ್ತು ಓಡಿತು. ಕಾರ್ಖಾನೆ ಬದುಕಿದ್ದೂ ಅದರಿಂದಲೇ. ೧೯೩೯ರಲ್ಲಿ ಮಗ ಜ್ಯಾನ್ ಗಾಡಿಯ ಪರೀಕ್ಷೆಯಲ್ಲಿ ಮಡಿದನು. ೧೯೪೭ರಲ್ಲಿ ತಂದೆಯೂ ತೀರಿಕೊಂಡನು. ಹೆಸರು ಉಳಿಯಿತು, ಕಾರ್ಖಾನೆ ಸೊರಗಿತು. ಬುಗಾಟಿ ಗಾಡಿಗಳು ನಾನು ಮೊದಲು ಹೇಳಿದ ಅನಾದರದ ಕಾಲಕ್ಕೆ ಸಂದವು.

ಆಗ ಕೈಚಾಚಿದವರು ಶ್ಲುಂಫ್ ಸಹೋದರರು. ಹಾನ್ಸ್ ಅಣ್ಣ, ಫ್ರಿಟ್ಸ್ ತಮ್ಮ. ಸ್ವಿಸ್ ಪ್ರಜೆಗಳು, ಇಟಲಿಯಲ್ಲಿ ಹುಟ್ಟಿ, ತಾಯಿಯ ತವರಾದ ಮ್ಯೂಲೂಸಿನಲ್ಲಿ ಬೆಳೆದವರು. ೧೯೩೫ರಲ್ಲಿ ಉಣ್ಣೆಯ ವ್ಯಾಪಾರಕ್ಕೆ ಕಂಪೆನಿ ಕಟ್ಟಿ, ಎರಡನೆಯ ಮಹಾಯುದ್ಧದ ಮೇಲೆ ಹಲವು ಗಿರಣಿಗಳ ಒಡೆಯರಾದರು. ತಾಯಿಯ ಮೇಲೆ ಇಬ್ಬರಿಗೂ ಅಪಾರ ಭಕ್ತಿ. ಫ್ರಿಟ್ಸನಿಗೆ ಬುಗಾಟಿ ಎಂದರೆ ಪ್ರಾಣ.

ಅವನು ಕೊಂಡ ಬಗೆಯನ್ನು ಕೇಳಿ. ಬುಗಾಟಿ ಒಡೆಯರ ಸಂಘದ ಪಟ್ಟಿಯನ್ನು ಹಿಡಿದು ಅದರಲ್ಲಿದ್ದವರಿಗೆಲ್ಲ ಕಾಗದ ಬರೆದನು. ೧೯೬೩ರಲ್ಲಿ ಮೋಲ್ಸೈಮಿನ ಕಾರ್ಖಾನೆ ಕೈಬದಲಾದಾಗ, ಎಟ್ಟೋರೆ ತನಗಾಗಿ ಇರಿಸಿಕೊಂಡಿದ್ದ ರೊಯಾಲನ್ನೂ ಇನ್ನು ಕೆಲವನ್ನೂ ಪಡೆದನು. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಜಾನ್ ಶೇಕ್ಸ್‌ಪಿಯರ್ ಎಂಬ ಸಂಗ್ರಹಕಾರನಿದ್ದನು, ನಾಟಕದವನಲ್ಲ, ಮೋಟಾರಿನವನು. ಅವನ ಬಳಿಯಿದ್ದ ೩೦ ಬುಗಾಟಿಗಳನ್ನು ೧೯೬೪ರಲ್ಲಿ ಒಟ್ಟಿಗೆ ೮೫,೦೦೦ ಡಾಲರಿಗೆ ಕೊಂಡನು. ಅವು ತೆರೆದ ರೈಲುಬಂಡಿಗಳ ಮೇಲೆ ಸಾಲಾಗಿ ನಿಂತು ಬಂದರಿಗೆ ಹೋಗಿ, ಹಡಗೇರಿ ಫ್ರಾನ್ಸಿಗೆ ಬಂದವು. ಅವುಗಳ ನಡುವೆ ಇನ್ನೊಂದು ರೊಯಾಲ್ ಇತ್ತು. ಹನಿಗೂಡಿ ಹಳ್ಳವಾಯಿತು. ಬುಗಾಟಿಗಳೇ ನೂರನ್ನು ಮೀರಿದವು. ಜೊತೆಗೆ ರೋಲ್ಸ್ ರಾಯ್ಸ್, ಮರ್ಸಿಡಿಸ್, ಫೆರಾರಿ, ಗೋರ್ಡಿನಿ, ಪೂಜೋ, ಪನಾರ್ ಗಾಡಿಗಳು; ೧೮೭೮ರಲ್ಲಿ ಮಾಡಿದ ಆವಿಯಂತ್ರದ ಬಂಡಿಯೂ ಒಂದು.

ಮ್ಯೂಲೂಸಿನ ಹಳೆಯ ನೂಲಿನ ಗಿರಣಿಯೊಂದರಲ್ಲಿ ಇವನ್ನೆಲ್ಲ ಇಟ್ಟರು. ಮೆಕ್ಯಾನಿಕರು, ಬಡಗಿಗಳು, ಚರ್ಮದ ಕೆಲಸದವರು ಒಳಗೆ ದುಡಿದರು. ಅಲ್ಲಿ ಕಂಡದ್ದನ್ನು ಹೊರಗೆ ಆಡಬಾರದೆಂದು ಅವರಿಗೆ ಕಟ್ಟಪ್ಪಣೆ. ಗಾಡಿಗಳ ಸಾಲುಗಳ ನಡುವೆ ಪ್ಯಾರಿಸಿನ ಅಲೆಕ್ಸಾಂಡರ್ ಸೇತುವೆಯ ದೀಪಕಂಬಗಳ ಮಾದರಿಯ ನೂರಾರು ಕಂಬಗಳನ್ನು ನೆಟ್ಟರು. ತಾಯಿಯ ನೆನಪಿಗೆ ಅದನ್ನು ಅರ್ಪಿಸಬೇಕೆಂದು ಸಂಕಲ್ಪವಿತ್ತು. ಆದರೆ ಬಾಗಿಲು ಮಾತ್ರ ಸಾರ್ವಜನಿಕರಿಗೆ ತೆರೆಯಲಿಲ್ಲ.

ಇತ್ತ ೧೯೭೦ರ ದಶಕದಲ್ಲಿ ಯೂರೋಪಿನ ಬಟ್ಟೆಯ ಉದ್ಯಮ ಇಳಿಮುಖವಾಯಿತು. ಗಿರಣಿಗಳಲ್ಲಿ ಕೆಲಸ ಕಡಮೆಯಾಯಿತು. ೧೯೭೬ರಲ್ಲಿ ಕೆಲಸ ಕಳೆದುಕೊಳ್ಳುವ ಸ್ಥಿತಿಗೆ ಬಂದ ಕಾರ್ಮಿಕರು ಮುಷ್ಕರ ಹೂಡಿ, ಮಾಲ್ಮರ್ಸ್‌ಪಾಕ್ ಎಂಬಲ್ಲಿದ್ದ ಒಡೆಯರ ಮನೆಯನ್ನು ಸುತ್ತುವರಿದರು. ಸಹೋದರರು ಗಡಿ ದಾಟಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರವನ್ನು ಸೇರಿದರು. ಮ್ಯೂಲೂಸಿನಿಂದ ಬಾಸೆಲಿಗೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ ತಮ್ಮ ಗಾಡಿಗಳಿಗೆ ಅವರು ಮತ್ತೆ ಒಡೆಯರಾಗಲಿಲ್ಲ.

೧೯೭೭ರ ಮಾರ್ಚ್ ೭ರಂದು ಕಾರ್ಮಿಕರು ಆ ಗಿರಣಿಯ ಒಳಹೊಕ್ಕರು. ಆ ಕ್ಷಣವನ್ನು ಸ್ವಲ್ಪ ಮನಸ್ಸಿನಲ್ಲಿ ಕಂಡುಕೊಳ್ಳಿ. ಕೂಲಿಗೆ ಹಣವಿಲ್ಲ, ಗಿರಣಿ ನಡೆಯುವಂತಿಲ್ಲ ಎಂದು ಕೇಳಿ ಕೇಳಿ ಬೇಸತ್ತವರು ಅವರು. ಬಾಗಿಲ ಹಿಂದೆ ಕಂಡದ್ದು ದೀಪಕಂಬಗಳ ನಡುವೆ ಸಾಲುಗಟ್ಟಿ ಹೊಳೆಯುವ ನಾಲ್ಕು ನೂರರಷ್ಟು ಗಾಡಿಗಳು! ತಮ್ಮ ಬೆವರೇ ಇಲ್ಲಿ ತಗಡಾಗಿ, ಬಣ್ಣವಾಗಿ ನಿಂತಿದೆ ಎಂದು ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸಿಟ್ಟಿನಲ್ಲಿ ದುರಸ್ತಿಯಾಗದಿದ್ದ ಒಂದು ಆಸ್ಟಿನ್ ಗಾಡಿಗೆ ಬೆಂಕಿಯಿಟ್ಟರು. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆ ಆ ದಿನ ಪೂರ್ತಿ ನಿಜವಾಗಬಹುದಾಗಿತ್ತು.

ಆದರೆ ಹಾಗೆ ಆಗಲಿಲ್ಲ. ಈ ಚರಿತ್ರೆಯಲ್ಲಿ ನನಗೆ ಮುಖ್ಯವೆನಿಸುವ ಸಂಗತಿ ಇದೇ. ಸುಟ್ಟ ಒಂದರ ಹೊರತು ಉಳಿದುವನ್ನು ಅವರು ಕಾಯ್ದರು. ಭಂಡಾರಕ್ಕೆ ಕಾರ್ಮಿಕರ ವಸ್ತುಸಂಗ್ರಹಾಲಯವೆಂದು ಹೆಸರಿಟ್ಟು, ಬಾಗಿಲು ತೆರೆದು, ಊರವರನ್ನೂ ಪರದೇಶದವರನ್ನೂ ಒಳಗೆ ಬಿಟ್ಟರು. ಎರಡು ವರ್ಷ ಅದು ಅವರ ಕೈಯಲ್ಲಿತ್ತು. ಆ ಅವಧಿಯಲ್ಲಿ ಸುಮಾರು ೮ ಲಕ್ಷ ಜನ ನೋಡಿದರು. ಒಡೆಯರ ಕಾಲದಲ್ಲಿ ಯಾರೂ ನೋಡದಿದ್ದ ಗಾಡಿಗಳನ್ನು ಮೊದಲು ಲೋಕಕ್ಕೆ ತೋರಿಸಿದವರು ಕೆಲಸ ಕಳೆದುಕೊಂಡ ನೂಲಿನವರು.

ಸಾಲಗಾರರಿಗೆ ಹಣ ಸಲ್ಲಬೇಕಾಗಿತ್ತು. ಒಂದೊಂದೇ ಗಾಡಿಯನ್ನು ಹರಾಜು ಹಾಕಿದ್ದರೆ ಹೆಚ್ಚು ಹಣ ಬರುತ್ತಿತ್ತು. ಆದರೆ ಸಂಗ್ರಹ ದೇಶದೇಶಕ್ಕೆ ಚದುರಿಹೋಗುತ್ತಿತ್ತು. ೧೯೭೮ರಲ್ಲಿ ಫ್ರಾನ್ಸ್ ಸರಕಾರವು ಇಡೀ ಸಂಗ್ರಹವನ್ನು ಚಾರಿತ್ರಿಕ ಸ್ಮಾರಕವೆಂದು ಸಾರಿತು. ಕೋಟೆ ಕೊತ್ತಲಗಳಿಗೂ ದೇವಾಲಯಗಳಿಗೂ ಸಲ್ಲುವ ರಕ್ಷಣೆ ಮೋಟಾರು ಗಾಡಿಗಳಿಗೆ ದೊರೆಯಿತು. ೧೯೮೧ರಲ್ಲಿ ಪಟ್ಟಣವೂ ಪ್ರಾಂತವೂ ಮತ್ತಿತರರೂ ಕೂಡಿದ ಸಂಘವೊಂದು ೪ ಕೋಟಿ ೪೦ ಲಕ್ಷ ಫ್ರಾಂಕುಗಳಿಗೆ ಅದನ್ನು ಕೊಂಡಿತು. ೧೯೮೨ರಲ್ಲಿ ರಾಷ್ಟ್ರೀಯ ಮೋಟಾರು ಸಂಗ್ರಹಾಲಯ ತೆರೆಯಿತು. ಮುಂದೆ ನ್ಯಾಯಾಲಯದ ತೀರ್ಪಿನಂತೆ ಶ್ಲುಂಫ್ ಹೆಸರೂ ಅದರೊಡನೆ ಸೇರಿತು. ಹಾನ್ಸ್ ೧೯೮೯ರಲ್ಲಿ, ಫ್ರಿಟ್ಸ್ ೧೯೯೨ರಲ್ಲಿ ತೀರಿಕೊಂಡರು.

ಇದರಲ್ಲಿ ನ್ಯಾಯ ಯಾರ ಕಡೆಗೆ? ನನ್ನ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳಿದ್ದುಂಟು. ಹಣ ದುಡಿದವರ ಕೈಯಿಂದ ಬಂದದ್ದು. ಅವರ ಅನ್ನದ ಮುಂದೆ ಆನೆಯ ಪ್ರತಿಮೆಯುಳ್ಳ ಗಾಡಿ ದೊಡ್ಡದಲ್ಲ. ಇದನ್ನು ಯಾವ ಮಾತಿನಿಂದಲೂ ಮರೆಸಲಾಗದು. ಆದರೆ ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಫ್ರಿಟ್ಸ್ ಆ ಗಾಡಿಗಳನ್ನು ಕೂಡಿಸದಿದ್ದರೆ, ಎಷ್ಟೋ ಗಾಡಿಗಳು ಕರಗಿ ಬೇರೇನೋ ಆಗಿರುತ್ತಿದ್ದುವೆಂಬುದೂ ಸುಳ್ಳಲ್ಲ. ಕೂಡಿಸಿದ್ದು ಅವನ ಗುಣ. ಮುಚ್ಚಿಟ್ಟದ್ದು ಅವನ ದೋಷ. ದುಡಿದವರ ಪಾಲನ್ನು ಮರೆತದ್ದು ಅದಕ್ಕಿಂತ ದೊಡ್ಡ ದೋಷ. ಗುಣದೋಷಗಳನ್ನು ಬೇರೆ ಬೇರೆ ತೂಗುವುದನ್ನು ಚರಿತ್ರೆ ನಮಗೆ ಕಲಿಸದಿದ್ದರೆ ಅದನ್ನು ಓದಿ ಏನು ಫಲ?

ಪಂಡಿತ ಪರೀಕ್ಷೆಗೆ ಓದಿದವನ ಚಪಲದಿಂದ ಒಂದು ಮಾತು ಹೇಳುತ್ತೇನೆ, ಮನ್ನಿಸಿ. 'ಸಂಗ್ರಹ' ಎಂಬ ಪದದೊಳಗೆ 'ಗ್ರಹ' ಇದೆ; ಹಿಡಿಯುವುದು ಎಂದು ಅದರ ಅರ್ಥ. ನಾವು ವಸ್ತುವನ್ನು ಹಿಡಿದರೆ ಸಂಗ್ರಹ. ವಸ್ತುವೇ ನಮ್ಮನ್ನು ಹಿಡಿದರೆ, ಹಳ್ಳಿಯವರು ಹೇಳುವಂತೆ, ಗ್ರಹ ಬಡಿದಂತೆ. 'ಅನುಗ್ರಹ' ಎಂಬ ಮಾತಿನಲ್ಲಿಯೂ ಅದೇ ಧಾತುವಿದೆ.

ನಮ್ಮ ನಾಡಿನಲ್ಲಿ ಧರ್ಮಸ್ಥಳದ ಹೆಗ್ಗಡೆಯವರು ಕೂಡಿಸಿದ ಹಳೆಯ ಗಾಡಿಗಳನ್ನು ಯಾತ್ರಿಕರು ನೋಡಬಹುದು. ೨೦೨೩ರಲ್ಲಿ ಶ್ರೀರಂಗಪಟ್ಟಣದ ಬಳಿ 'ಪಯಣ' ಎಂಬ ಹೆಸರಿನ ಸಂಗ್ರಹಾಲಯವೂ ತೆರೆದಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ನಿಮ್ಮ ಮನೆಯ ಅಟ್ಟದ ಮೇಲೆ ತಾತನ ಕಾಲದ ವಾಲ್ವಿನ ರೇಡಿಯೋ ಇದ್ದರೆ ಅದನ್ನೂ ಕೆಳಗಿಳಿಸಿ, ಧೂಳು ಒರೆಸಿ, ಪಕ್ಕದ ಮನೆಯ ಹುಡುಗನಿಗೆ ತೋರಿಸಿ. ನನ್ನ ತರಗತಿಯ ಆ ಎರಡನೆಯ ಹುಡುಗನ ಡಬ್ಬಿಗೆ ಒಂದು ಮಳೆಗಾಲದಲ್ಲಿ ನೀರು ಇಳಿಯಿತು. ಚಿತ್ರಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾದವು. ಅದನ್ನು ಅವನು ತರಗತಿಗೆ ತಂದು ತೋರಿಸಿದನು. ಅವನ ಸಂಗ್ರಹವನ್ನು ನಾವು ಕಂಡದ್ದು ಅದೇ ಮೊದಲು, ಅದೇ ಕೊನೆ.